ಸಹಾಯ ಬೇಕು: ರಥಬೀದಿಯಲ್ಲಿ ಅಮ್ಮನೊಡನೆ ನಿಧಾನದ ಒಂದು ದಿನ

ಆತ್ಮೀಯರೇ, ಮಂಡಿನೋವಿರುವ ನನ್ನ ಅಮ್ಮನಿಗೆ ಉಡುಪಿಯ ರಥಬೀದಿಯನ್ನು ಅವಸರವಿಲ್ಲದೆ, ನಡೆದುಕೊಂಡೇ ತೋರಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಕಳೆದ ತಿಂಗಳು ಮಂಗಳೂರಿನಿಂದ ಬೆಳಿಗ್ಗೆ 10 ಗಂಟೆಗೆ ತಲುಪಿ, ಕನಕನ ಕಿಂಡಿಯಲ್ಲಿ ದರ್ಶನ ಮುಗಿಸಿ, ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಸ್ಥಾನಗಳನ್ನು ನೋಡುವಷ್ಟರಲ್ಲಿ ಬಿಸಿಲೇರಿ, ಅಷ್ಟಮಠಗಳ ಸುತ್ತು ಅರ್ಧಕ್ಕೇ ನಿಂತಿತು. ಅಂಗಡಿಯೊಂದರ ಜಗಲಿಯಲ್ಲಿ ಕುಳಿತ ಅಮ್ಮ, ಕೊಂಡ ಒಂದು ಚೆಂಡು ಶಂಕರಪುರ ಮಲ್ಲಿಗೆಯನ್ನು ಬಾಳೆಯೆಲೆಯಲ್ಲಿ ಜೋಪಾನವಾಗಿ ಸುತ್ತಿಟ್ಟುಕೊಂಡು, ‘ಇನ್ನೊಮ್ಮೆ ಬರುವ ಮಗಾ’ ಎಂದರು. ಆ ಮಾತು ಮನಸ್ಸಿನಲ್ಲೇ ಉಳಿದಿದೆ.

ಈ ಬಾರಿ 7 ಗಂಟೆಗೇ ನಡಿಗೆ ಆರಂಭಿಸಿ, ಸೂರ್ಯಾಸ್ತಕ್ಕೆ ಮಲ್ಪೆ ಕಡಲತೀರ ಸೇರುವ ಯೋಚನೆಯಿದೆ. ತೊಡಕಿರುವುದು ನಡುವಿನ ಮಧ್ಯಾಹ್ನದ್ದು ಮಾತ್ರ. ಊಟದ ನಂತರ ಸಂಜೆ 4ರವರೆಗೆ ಅಮ್ಮ ಕಾಲು ಚಾಚಿ ವಿಶ್ರಮಿಸಬಹುದಾದ, ಮೆಟ್ಟಿಲು ಹತ್ತಬೇಕಿಲ್ಲದ ತಂಪಾದ ಜಾಗ ರಥಬೀದಿಯ ಆಸುಪಾಸಿನಲ್ಲಿ ಎಲ್ಲಿದೆ, ದಯವಿಟ್ಟು ತಿಳಿಸುವಿರಾ?