ಪರಿಹಾರ: ಕಂಬಳಿಯೋ, ಹಣವೋ?

ಗೆಳೆಯರೇ,

‘ಪರಿಹಾರ’ ಎಂಬ ಪದದ ಬಗ್ಗೆ ಒಂದು ಪ್ರಶ್ನೆ. ನಿಘಂಟು ತೆರೆದರೆ ತೀರುವಂಥದ್ದಲ್ಲ, ಆದ್ದರಿಂದ ಅದು ಎದ್ದ ದಿನವನ್ನೇ ಮೊದಲು ಹೇಳುತ್ತೇನೆ.

2019ರ ಆಗಸ್ಟ್. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದಿದ್ದವು, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತ್ತು. ಸ್ವಯಂಸೇವಕನಾಗಿ ನನಗೆ ಅದು ಮೊದಲ ದಿನ. ಮನೆ ಬಿಟ್ಟು ಬಂದವರಿಗಾಗಿ ಶಾಲೆಯೊಂದರಲ್ಲಿ ತೆರೆದಿದ್ದ ಕೇಂದ್ರಕ್ಕೆ ಹೋಗಿ, ಗೋಡೆಗೊರಗಿ ಕುಳಿತಿದ್ದವರ ಮುಂದೆ ನಿಂತು, ‘ಪರಿಹಾರ ಕಾರ್ಯಕ್ಕೆ ಬಂದಿದ್ದೇನೆ’ ಎಂದೆ. ಪತ್ರಿಕೆಗಳಲ್ಲಿ ನಿತ್ಯ ಓದುವ ಮಾತು; ಬೇರೆಯದು ಹೊಳೆಯಲೂ ಇಲ್ಲ.

ಜನ ಎದ್ದು ಬಂದರು. ಪ್ಲಾಸ್ಟಿಕ್ ಕವರುಗಳಿಂದ ಪಹಣಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳು ಹೊರಬಂದವು. ಎಪ್ಪತ್ತರ ಆಸುಪಾಸಿನ ಒಬ್ಬರು ನೆನೆದ ಪಹಣಿಯನ್ನು ಬೆಂಚಿನ ಮೇಲೆ ಬಿಡಿಸಿಟ್ಟು, ‘ಅರ್ಧ ಎಕರೆ ಕಾಫಿ ಮಣ್ಣಿನಡಿ ಹೋಗಿದೆ. ಗದ್ದೆಯನ್ನೂ ಬರೆದುಕೊಳ್ಳಿ ಸಾರ್’ ಎಂದರು. ನಾನು ತಂದಿದ್ದದ್ದು ಕಂಬಳಿ, ಒಣ ಬಟ್ಟೆ, ಒಂದಿಷ್ಟು ಔಷಧಿ. ಜಮೀನಿನ ಲೆಕ್ಕ ಬರೆಯುವ ಅಧಿಕಾರ ನನಗಿಲ್ಲ ಎಂದಾಗ ಅವರು ಕಾಗದವನ್ನು ಮಡಿಚಿಕೊಂಡು ಸುಮ್ಮನೆ ತಮ್ಮ ಜಾಗಕ್ಕೆ ಹೋದರು. ಅವರ ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆ ಮನೆಯಲ್ಲೇ ಉಳಿದು ಎರಡು ದಿನವಾಗಿತ್ತು. ಅದು ನನಗೆ ತಿಳಿದದ್ದು ಸಂಜೆ, ಅಡುಗೆಗೆ ನಿಂತಿದ್ದ ಹೆಂಗಸರಿಂದ. ‘ಬೆಳಿಗ್ಗೆಯೇ ಏಕೆ ಹೇಳಲಿಲ್ಲ ಅಜ್ಜಾ?’ ಎಂದು ಕೇಳಿದೆ. ‘ನೀವು ಪರಿಹಾರದವರು ಎಂದಿರಿ. ಮಾತ್ರೆಯ ವಿಷಯ ನಿಮಗೆ ಹೇಳುವುದೇ?’ ಎಂದರು.

ಅವರ ತಿಳಿವಳಿಕೆಯಲ್ಲಿ ತಪ್ಪಿರಲಿಲ್ಲ. ಆ ವರ್ಷ ಸರ್ಕಾರ ತುರ್ತಾಗಿ ಕುಟುಂಬಕ್ಕೆ ಕೊಟ್ಟ 10,000 ರೂಪಾಯಿಯೂ ಪರಿಹಾರ, ಪೂರ್ತಿ ಬಿದ್ದ ಮನೆಗೆ ಘೋಷಿಸಿದ 5 ಲಕ್ಷವೂ ಪರಿಹಾರ. ಕಾಡಾನೆ ತುಳಿದ ಬೆಳೆಗೆ ಬರುವುದೂ ಅದೇ. ಮಲೆನಾಡಿನ ಕೃಷಿಕರಿಗೆ ಪರಿಹಾರವೆಂದರೆ ಅರ್ಜಿ, ಸ್ಥಳ ಪರಿಶೀಲನೆ, ಖಾತೆಗೆ ಬೀಳುವ ಹಣ. ‘ಪರಿಹಾರ ಸಾಮಗ್ರಿ’ ಎಂಬ ಸುದ್ದಿಸಾಲಿನಲ್ಲಿ ಮಾತ್ರ ಅದು ಅಕ್ಕಿ, ಚಾಪೆ. ಇಂಗ್ಲಿಷಿನ ‘ರಿಲೀಫ್’, ‘ಕಾಂಪೆನ್ಸೇಷನ್’ ಎರಡರ ಭಾರವನ್ನೂ ಈ ಒಂದೇ ಪದದ ಮೇಲೆ ಹೊರಿಸಿದ್ದೇವೆ. ಸಮಸ್ಯೆಗೆ ಪರಿಹಾರ, ದೋಷ ಪರಿಹಾರ ಎಂಬ ಬಳಕೆಗಳು ಇವುಗಳ ಜೊತೆಗೆ.

ಹಳೆಯ ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ದತ್ತಿ ಬಿಟ್ಟ ಭೂಮಿಗೆ ತೆರಿಗೆ ಮೊದಲಾದ ಹೊರೆಗಳಿಂದ ಬಿಡುಗಡೆ. ಅಲ್ಲಿ ಪರಿಹಾರ ಎಂದರೆ ಕೊಡುವುದಲ್ಲ, ಕಳೆಯುವುದು. ಆ ಅರ್ಥ ನನಗೆ ಬಹಳ ಪ್ರಿಯ. ಕಷ್ಟ ಕಳೆಯಲು ಹೋದವನು ಪರಿಹಾರದವನೇ ತಾನೆ! ಆದರೆ ಕೇಳುವವರ ಕಿವಿಯಲ್ಲಿ ಇಂದು ಅದು ಉಳಿದಿಲ್ಲ.

ಮರುದಿನದಿಂದ ನಾನು ‘ನೆರವಿಗೆ ಬಂದಿದ್ದೇನೆ, ಈಗಲೇ ಬೇಕಾದದ್ದು ಏನು?’ ಎಂದು ಕೇಳತೊಡಗಿದೆ. ಕನ್ನಡಕ, ಮಗುವಿನ ಹಾಲು, ಕೊಟ್ಟಿಗೆಯಲ್ಲೇ ಬಿಟ್ಟು ಬಂದ ಹಸು, ಎಲ್ಲವೂ ಮಾತಿಗೆ ಬಂದವು. ‘ಆರ್ಥಿಕ ನೆರವು’ ಎಂದಾಗ ನೆರವೂ ಹಣದ ಕಡೆಗೇ ವಾಲುತ್ತದೆ, ನಿಜ. ಆದರೂ ಒಂಟಿಯಾಗಿ ನಿಂತಾಗ ಅದು ಕೈ ಚಾಚುವ ಪದ. ಅನ್ನ, ಹೊದಿಕೆ, ಔಷಧಿಗೆ ‘ನೆರವು’, ಹಣಕ್ಕೆ ‘ನಷ್ಟ ಪರಿಹಾರ’ ಎಂದು ಬೇರ್ಪಡಿಸಿ ಬರೆಯಬೇಕೆಂಬುದು ನನ್ನ ಒತ್ತಾಯ. ಬಳಕೆ ಬದಲಾಗದು ಎನ್ನುವವರು ಇಂಥ ಕೇಂದ್ರಗಳಿಗೆ ಹಿಂದೆ ಇದ್ದ ‘ಗಂಜಿ ಕೇಂದ್ರ’ ಎಂಬ ಹೆಸರನ್ನು ನೆನೆಯಲಿ, ಸರ್ಕಾರಿ ಕಾಗದಗಳಲ್ಲಿ ಅದು ಈಗ ‘ಕಾಳಜಿ ಕೇಂದ್ರ’.

ಸಕಲೇಶಪುರ, ಆಲೂರು, ಕೊಪ್ಪ, ಶೃಂಗೇರಿ ಕಡೆಯವರು ತಿಳಿಸಿ: ಮಳೆಗಾಲದಲ್ಲಿ ಮನೆ ಬಿಟ್ಟು ಬಂದವರಿಗೆ ಊರಿನವರೇ ಅನ್ನ, ಹಾಸಿಗೆ ಕೊಟ್ಟಾಗ ನಿಮ್ಮ ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ? ಆಸರೆ, ಒತ್ತಾಸೆ, ಉಪಕಾರ, ಇವುಗಳಲ್ಲಿ ಯಾವುದಾದರೂ ಬಳಕೆಯಲ್ಲಿದೆಯೇ? ವಾಕ್ಯಸಹಿತ ಬರೆದರೆ ಉಪಯೋಗವಾಗುತ್ತದೆ.