ಮೊದಲ ನಂಬರಿಗೆ ಮುಂಬೈನ ರೂಯಿಯಾ ಕಾಲೇಜು ಹಾಕಬಾರದಂತೆ!

ಡೊಂಬಿವಲಿ ಚಿಕ್ಕಪ್ಪ (ಫಾರ್ವರ್ಡ್): ಹನ್ನೊಂದನೇ ಕ್ಲಾಸಿನ ಆನ್‌ಲೈನ್ ಫಾರ್ಮ್ ತುಂಬುವ ಪಾಲಕರೇ, ಎಚ್ಚರ! ಸಿಗದ ಕಾಲೇಜನ್ನು ಮೊದಲ ಪ್ರಿಫರೆನ್ಸ್ ಹಾಕಿದರೆ ಅದು ವ್ಯರ್ಥ. ಸಿಗುವಂಥದ್ದನ್ನೇ ಮೊದಲು ಹಾಕಿ. ಎಲ್ಲರಿಗೂ ಕಳುಹಿಸಿ 🙏

ಮುಲುಂಡ್ ಅತ್ತೆ: ನಾನು ಹೇಳಿದ್ದೂ ಅದೇ ಅಲ್ವಾ? ಪುಟ್ಟಿಗೆ ಹತ್ತನೇ ಕ್ಲಾಸಲ್ಲಿ ನೂರಕ್ಕೆ 91. ರೂಯಿಯಾ ಆಸೆ ಬಿಡಿ. ಮನೆ ಹತ್ತಿರದ ಪೆಂಢಾರ್ಕರ್ ಮೊದಲು ಹಾಕಿ, ಮುಗೀತು.

ನಾನು: ಚಿಕ್ಕಪ್ಪ, ಈ ಮೆಸೇಜ್ ನಂಬಿ ಫಾರ್ಮ್ ಲಾಕ್ ಮಾಡಬೇಡಿ. ಸೀಟು ಕೊಡುವುದು ಮಾರ್ಕ್ಸ್ ನೋಡಿ, ಆ ಕಾಲೇಜನ್ನು ಎಷ್ಟನೇ ನಂಬರಿಗೆ ಬರೆದಿದ್ದೀರಿ ಅಂತ ನೋಡಿ ಅಲ್ಲ. ಮುಲುಂಡ್‌ನ ವಝೆ ಕಾಲೇಜನ್ನು ಮೂರನೆಯದಾಗಿ ಹಾಕಿದ 91ರವರಿಗೆ ಸಿಕ್ಕಮೇಲೇ ಮೊದಲನೆಯದಾಗಿ ಹಾಕಿದ 90ರವರಿಗೆ. ರೂಯಿಯಾ ಸಿಗದಿದ್ದರೆ ಪಟ್ಟಿಯ ಮುಂದಿನ ಹೆಸರು ನೋಡುತ್ತಾರೆ, ಅಷ್ಟೇ. ನಿಜವಾದ ಅಪಾಯ ಅತ್ತೆಯ ದಾರಿಯಲ್ಲಿದೆ. ಮೊದಲ ಪ್ರಿಫರೆನ್ಸ್ ಸಿಕ್ಕರೆ ಸೇರಲೇಬೇಕು. ಸೇರದಿದ್ದರೆ ಮಾಮೂಲಿ ರೌಂಡುಗಳಿಂದ ಹೊರಗೆ.

ಡೊಂಬಿವಲಿ ಚಿಕ್ಕಪ್ಪ: ಜನ ಸುಮ್ನೆ ಹೇಳ್ತಾರೇನೋ?

ನಾನು: ಆ ಭಯ ಅಮೆರಿಕದ ಬಾಸ್ಟನ್‌ನಲ್ಲಿ ನಿಜವಾಗಿತ್ತು. ಅಲ್ಲಿ ಒಂದು ಶಾಲೆಯನ್ನು ಮೊದಲನೆಯದಾಗಿ ಬರೆದವರಿಗೇ ಮೊದಲು ಸೀಟು ಕೊಡುತ್ತಿದ್ದರು. ಎರಡನೆಯದಾಗಿ ಬರೆದವರ ಸರದಿ ಬರುವಷ್ಟರಲ್ಲಿ ಒಳ್ಳೆ ಶಾಲೆಗಳು ಭರ್ತಿ. ಒಳಗುಟ್ಟು ಗೊತ್ತಿದ್ದ ಪಾಲಕರು ಲೆಕ್ಕ ಹಾಕಿ ಬರೆದರು, ಮನಸ್ಸಿನಲ್ಲಿದ್ದದ್ದನ್ನೇ ಬರೆದವರು ಕೈ ಸುಟ್ಟುಕೊಂಡರು. 2005ರಲ್ಲಿ ಆ ಪದ್ಧತಿ ಬಿಟ್ಟು, ಗೇಲ್ ಮತ್ತು ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಬರೆದ ವಿಧಾನ ತಂದರು. ಅದರಲ್ಲಿ ಕೊನೆಯವರೆಗೂ ಯಾವ ಸೀಟೂ ಪಕ್ಕಾ ಅಲ್ಲ. ಹೆಚ್ಚು ಹಕ್ಕಿರುವವರು ಬಂದರೆ ಕೂತವರು ಎದ್ದು ತಮ್ಮ ಮುಂದಿನ ಆಯ್ಕೆಗೆ ಹೋಗಬೇಕು. ಹಾಗಾಗಿ ಮನಸ್ಸಿನ ಕ್ರಮವನ್ನೇ ಬರೆದರೆ ನಷ್ಟವಿಲ್ಲ. ಶಾಪ್ಲಿಗೂ, ಬಾಸ್ಟನ್‌ನ ಬದಲಾವಣೆಗೆ ನೆರವಾದ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್‌ಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಪುಣೆ ಅಣ್ಣ: ಎಲ್ಲಾ ಸರಿ, ಆದರೆ ನಮ್ಮ ಫಾರ್ಮ್‌ನಲ್ಲಿ ಹತ್ತೇ ಕಾಲೇಜು. ಹತ್ತೂ ದೊಡ್ಡ ಹೆಸರೇ ಬರೆದರೆ ಆ ರೌಂಡಿನಲ್ಲಿ ಕೈ ಖಾಲಿ.

ನಾನು: ಒಪ್ಪಿದೆ ಅಣ್ಣ. ಖಾತ್ರಿ ಇರುವ ಒಂದೆರಡು ಬೇಕೇಬೇಕು, ಆದರೆ ಪಟ್ಟಿಯ ಬಾಲದಲ್ಲಿ.

ಮುಲುಂಡ್ ಅತ್ತೆ: ನಮ್ಮ ಬಿಲ್ಡಿಂಗಿನ ಹುಡುಗಿ 84ಕ್ಕೇ ದೊಡ್ಡ ಕಾಲೇಜು ಸೇರಿದಳು. ಅದೇ ಟ್ರಸ್ಟಿನ ಸ್ಕೂಲು, ಇನ್‌ಹೌಸ್ ಕೋಟಾ. ಇದಕ್ಕೇನು ಹೇಳುತ್ತೆ ನಿನ್ನ ನೊಬೆಲ್?

ನಾನು: ಏನೂ ಹೇಳಲ್ಲ ಅತ್ತೆ. ನೂರಕ್ಕೆ 10 ಸೀಟು ಇನ್‌ಹೌಸ್‌ಗೆ ಅಂತ ಇಟ್ಟಿದ್ದು ಸರ್ಕಾರದ ನಿಯಮ. ಯಾರ ಹಕ್ಕು ಮೊದಲು ಅನ್ನುವ ಜಗಳವನ್ನು ಯಾವ ಕಂಪ್ಯೂಟರೂ ಬಿಡಿಸಲ್ಲ. ನನಗೂ ಆ ಕೋಟಾ ಸರಿ ಕಾಣುವುದಿಲ್ಲ.

ಡೊಂಬಿವಲಿ ಚಿಕ್ಕಮ್ಮ: ನಾನು ಪುಟ್ಟಿ, ಅಮ್ಮನ ಫೋನಿಂದ. ನನ್ನನ್ನು ಯಾರಾದರೂ ಕೇಳಿದಿರಾ? ನನಗೆ ವಝೆಯೇ ಮೊದಲು. ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ದಾದರ್ ಕಡೆ ಹೋಗೋದು ಅಂದ್ರೆ ಏನು ಅಂತ ಅಪ್ಪನಿಗೇ ಗೊತ್ತು. ರೂಯಿಯಾ ಅಪ್ಪನ ಆಸೆ.

ಡೊಂಬಿವಲಿ ಚಿಕ್ಕಪ್ಪ: ಎರಡನೆಯದಾದರೂ ಹಾಕೋಣ?

ಡೊಂಬಿವಲಿ ಚಿಕ್ಕಮ್ಮ: ಹಾಕಿ. ವಝೆ ಸಿಗದಿದ್ದರೆ ನೋಡೋಣ.

ಮುಲುಂಡ್ ಅತ್ತೆ: ವಝೆ ಆದರೆ ಮಧ್ಯಾಹ್ನ ಊಟಕ್ಕೆ ನಮ್ಮನೆಗೇ ಬರಲಿ. ಪೆಂಢಾರ್ಕರ್ ಕೆಳಗೆ ಹಾಕಿ ಪರವಾಗಿಲ್ಲ.