ಸೀನ ಎಣ್ಣೆ ಶುರು ಮಾಡಿದ್ದಾನೆ

ಶನಿವಾರ ರಾತ್ರಿ ಹತ್ತೂವರೆಗೆ ಮಂಡ್ಯದಿಂದ ಗೌಡ ಫೋನ್ ಮಾಡಿದ. "ವಿಷಯ ಗೊತ್ತಾಯ್ತಾ? ಸೀನ ಎಣ್ಣೆ ಶುರು ಮಾಡಿದ್ದಾನಂತೆ ಕಣ್ಲಾ. ಅವನ ಹೆಂಡತಿಯೇ ಹೇಳಿದರು. ದಿನಾ ರಾತ್ರಿಯಂತೆ. ಬಚ್ಚಲಿನ ಬಾಗಿಲು ಹಾಕಿಕೊಂಡು."

ನನ್ನ ಎದೆ ಧಸಕ್ ಎಂದಿತು. ಐವತ್ತೆರಡು ವರ್ಷ ಮಜ್ಜಿಗೆಗಿಂತ ಖಾರವಾದದ್ದನ್ನು ಕುಡಿಯದ ಸೀನ. ನಾವು ಕೂತಲ್ಲಿ ಕಡಲೆಬೀಜವನ್ನೆಲ್ಲ ಖಾಲಿ ಮಾಡಿ, ಆಮೇಲೆ ಒಬ್ಬೊಬ್ಬರನ್ನೇ ಸ್ಕೂಟರಿನಲ್ಲಿ ಮನೆ ಮುಟ್ಟಿಸುವ ಸೀನ. ಅವನೇ ಹೀಗಾದರೆ ಇನ್ನು ನಮ್ಮನ್ನು ಮನೆಗೆ ಬಿಡುವವರು ಯಾರು? ಆ ಚಿಂತೆಗೆ ನಿದ್ದೆಯೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲ್ಲರೂ ಸೇರಿದೆವು. ಗೌಡ ಇದಕ್ಕೆಂದೇ ಬೆಳಗಿನ ಟ್ರೈನ್ ಹಿಡಿದು ಬಂದಿದ್ದ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ವಿಮಲ, ಬುದ್ಧಿವಾದ ಹೇಳಲು ರೆಡಿಯಾಗಿ ನಿಂತಿದ್ದಳು. ದೂರದಿಂದ ಸೀನ ಬಂದ. ಬಿಸಿಲು ಅವನ ಮುಖಕ್ಕೆ ಬಿದ್ದು ನಮ್ಮ ಕಣ್ಣಿಗೆ ಹೊಡೆಯಿತು.

"ಏನೋ ಇದು, ಬೆಟ್ಟದ ನಂದಿಗೆ ಈಗಷ್ಟೇ ಅಭಿಷೇಕ ಆದ ಹಾಗಿದ್ದೀಯ!" ಎಂದಳು ವಿಮಲ.

"ಎಣ್ಣೆ," ಎಂದ ಸೀನ ಹೆಮ್ಮೆಯಿಂದ. "ಮುಖಕ್ಕೆ."

ಗೌಡನಿಗೆ ಆದ ನಿರಾಸೆ ನೋಡಲಾಗುತ್ತಿರಲಿಲ್ಲ. "ಮುಖಕ್ಕಾ? ಇದಕ್ಕೆ ನಾನು ಮಂಡ್ಯದಿಂದ ಬಂದೆನಾ?"

ಹೋಟೆಲಿನಲ್ಲಿ ಕೂತು ಕಾಫಿ ಹೇಳಿದ ಮೇಲೆ ವಿಷಯ ಹೊರಗೆ ಬಂತು. ಬೆಂಗಳೂರಿನಿಂದ ಮಗಳು ಬಂದಿದ್ದಳಂತೆ. ಮುಖ ತೊಳೆಯುವ ಎಣ್ಣೆ ಅಂತ ಒಂದು ಬಾಟಲಿ ತಂದಿದ್ದಳಂತೆ. ಅದರ ರೇಟು ಕೇಳಿ ಸೀನ, ಅದೇ ದುಡ್ಡಿಗೆ ಮನೆಗೆ ಆರು ತಿಂಗಳ ಒಗ್ಗರಣೆ ಆಗುತ್ತದಲ್ಲ ಎಂದು ಯೋಚಿಸಿ, ಅಡುಗೆಮನೆಗೇ ನುಗ್ಗಿದನಂತೆ. "ಸೋಪು ಬಿಟ್ಟು ಮೂರು ವಾರ ಆಯಿತು," ಎಂದ.

ಗೌಡ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಮುಖಕ್ಕೆ ಮಾತ್ರ ಕಣೋ!"

ಗೌಡ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ.

ನನಗೆ ಊರಿನ ಅಭಿಮಾನ ಉಕ್ಕಿತು. "ಮೈಸೂರಲ್ಲಿ ಕೂತು ಸೋಪು ಬೇಡ ಅನ್ನುತ್ತೀಯಲ್ಲ, ನಾಚಿಕೆ ಆಗಲ್ವಾ? ಮೊದಲ ಮಹಾಯುದ್ಧದಲ್ಲಿ ನಮ್ಮ ಗಂಧದ ಮರ ಯೂರೋಪಿಗೆ ಹೋಗೋದು ನಿಂತು ರಾಶಿ ಬಿತ್ತು. ಆಗ ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರು ಮಾಡಿಸಿದರು. ಅದರಿಂದ ಸೋಪು ಬಂತು. ನೀನು ಹುಟ್ಟಿದ ದಿನದಿಂದ ಆ ಸೋಪು ತಿಕ್ಕಿಕೊಂಡೇ ಬೆಳೆದವನು."

"ನೀನೇ ಹೇಳಿದೆಯಲ್ಲ, ಮೊದಲು ಎಣ್ಣೆ, ಆಮೇಲೆ ಸೋಪು. ನಾನು ಮೂಲಕ್ಕೇ ಹೋಗಿದ್ದೇನೆ," ಎಂದ ಸೀನ.

"ಗಂಧದೆಣ್ಣೆ ಬರೀ ಪರಿಮಳಕ್ಕೆ," ಎಂದು ವಿಮಲ ಬಾಯಿ ಹಾಕಿದಳು. "ಆದರೆ ಇವನ ಮಾತು ಪೂರ್ತಿ ಸುಳ್ಳಲ್ಲ. ಎಣ್ಣೆಗೋ ಕೊಬ್ಬಿಗೋ ಕ್ಷಾರ ಸೇರಿಸಿದರೆ ಆಗೋದೇ ಸೋಪು. ಎಣ್ಣೆಯ ಮಗ ಅಂತಲೇ ಇಟ್ಟುಕೊಳ್ಳಿ. ತಾಯಿಯ ಗುಣ ಮಾತ್ರ ಬರಲಿಲ್ಲ. ಮಾಮೂಲಿ ಸೋಪಿನ ಪಿಎಚ್, ಅಂದರೆ ಹುಳಿಯೋ ಕ್ಷಾರವೋ ಅಂತ ಅಳೆಯುವ ಅಂಕಿ, 9ರಿಂದ 10 ಇರುತ್ತದೆ, ನಮ್ಮ ಚರ್ಮದ್ದು 5ರ ಆಸುಪಾಸು. ಅದಕ್ಕೇ ತೊಳೆದ ಮೇಲೆ ಮುಖ ಬಿಗಿದ ತಮಟೆ ಥರ ಆಗೋದು. ಕೊಳೆಯ ಜೊತೆ ಚರ್ಮಕ್ಕೆ ಬೇಕಾದ ಜಿಡ್ಡನ್ನೂ ಕಿತ್ತುಕೊಂಡು ಹೋಗಿರುತ್ತದೆ."

"ಅದೆಲ್ಲ ಇರಲಿ, ಎಣ್ಣೆ ಹಚ್ಚಿದರೆ ಕೊಳೆ ಅಂಟಬೇಕು ತಾನೇ, ಹೋಗೋದು ಹೇಗೆ?" ಎಂದೆ. ಮನೆಯ ಒಗ್ಗರಣೆ ಗೋಡೆ ನೋಡಿದವನು ಕೇಳುವ ಪ್ರಶ್ನೆ ಇದು.

ಇಲ್ಲಿ ಗೌಡ ಎದ್ದ. ನಿಜಕ್ಕೂ ಎದ್ದು ನಿಂತ. ಊರಿನ ಪೌರಾಣಿಕ ನಾಟಕದಲ್ಲಿ ಹದಿನಾಲ್ಕು ವರ್ಷದಿಂದ ಅವನೇ ದುರ್ಯೋಧನ. ಗದೆ ಇಲ್ಲದೆಯೂ ಗದೆ ಹಿಡಿದ ಹಾಗೇ ನಿಲ್ಲುತ್ತಾನೆ. "ರಾತ್ರಿಯೆಲ್ಲ ಬಣ್ಣ ಹಾಕಿಕೊಂಡು ಕಿರುಚಿರುತ್ತೇವಾ? ಬೆಳಿಗ್ಗೆ ಅದನ್ನು ತೆಗೆಯೋದು ಯಾವುದು ಅಂದುಕೊಂಡೆ? ಕೊಬ್ಬರಿ ಎಣ್ಣೆ! ಒಂದು ವರ್ಷ ಹುಡುಗರು ಎಣ್ಣೆ ತರೋದು ಮರೆತರು. ಸೋಪು ಹಾಕಿ ಉಜ್ಜಿದೆ ನೋಡು, ಮುಖದ ಚರ್ಮ ಹೋಯಿತೇ ಹೊರತು ಬಣ್ಣ ಹೋಗಲಿಲ್ಲ. ಮೂರು ದಿನ ಸಂತೆಯಲ್ಲಿ ಅರ್ಧ ದುರ್ಯೋಧನನಾಗಿ ತಿರುಗಿದೆ. ಹಲಸಿನ ಹಣ್ಣು ಕುಯ್ಯುವಾಗ ಕೈಗೆ ಏನು ಹಚ್ಚಿಕೊಳ್ಳುತ್ತೀಯ? ಆ ಅಂಟು ಸೋಪಿಗೆ ಹೋಗುತ್ತದಾ? ಜಿಡ್ಡನ್ನು ಜಿಡ್ಡೇ ಕೈ ಹಿಡಿದು ಕರೆದುಕೊಂಡು ಹೋಗಬೇಕು ಕಣ್ಲಾ."

ವಿಮಲ ಅವನನ್ನು ಮೆಚ್ಚುಗೆಯಿಂದ ನೋಡಿದಳು. ಮೂವತ್ತು ವರ್ಷದ ಸ್ನೇಹದಲ್ಲಿ ಅದೇ ಮೊದಲು. "ಸರಿಯಾಗಿ ಹೇಳಿದ. ಎಣ್ಣೆಯಂಥದ್ದು ಎಣ್ಣೆಯಲ್ಲೇ ಕರಗೋದು. ಇದನ್ನು ನಾನು ಬೋರ್ಡಿನ ಮೇಲೆ ಎರಡು ಪೀರಿಯಡ್ ಬರೆಯುತ್ತೇನೆ."

ಯಾವ ಎಣ್ಣೆ ಅನ್ನುವಲ್ಲಿ ಜಗಳ ಶುರುವಾಯಿತು. ಹುಚ್ಚೆಳ್ಳೆಣ್ಣೆ ಎಂದ ಗೌಡ. ಅದನ್ನು ಮುಖಕ್ಕೆ ಹಚ್ಚಿಕೊಂಡರೆ ಎದುರಿಗೆ ಬಂದವರಿಗೆ ಚಟ್ನಿಪುಡಿ ನೆನಪಾಗುತ್ತದೆ ಎಂದು ಅದನ್ನು ಅಲ್ಲೇ ಬಿಟ್ಟೆವು. ಸೀನ ಮೊದಲ ವಾರ ಹಚ್ಚಿದ್ದು ಕೊಬ್ಬರಿ ಎಣ್ಣೆ. ಅದೂ ಜಾಸ್ತಿ ಇದ್ದರೆ ಜಾಸ್ತಿ ಒಳ್ಳೆಯದು ಅಂತ ಹಾಗೇ ಬಿಟ್ಟು ಮಲಗಿದ್ದಾನೆ ಪುಣ್ಯಾತ್ಮ. ಎಂಟನೇ ದಿನಕ್ಕೆ ಐವತ್ತೆರಡರ ಮುಖದಲ್ಲಿ ಹದಿನಾರರ ಮೊಡವೆ. "ಹೆಂಡತಿ ಅನುಮಾನದಿಂದ ನೋಡತೊಡಗಿದಳು," ಎಂದ.

"ಕೊಬ್ಬರಿ ಎಣ್ಣೆ ತುಂಬಾ ಜನಕ್ಕೆ ರಂಧ್ರ ಕಟ್ಟಿಸುತ್ತದೆ ಕಣೋ. ಮೊಡವೆ ಮುಖದವರು ಅದರ ತಂಟೆಗೆ ಹೋಗಲೇಬಾರದು," ಎಂದಳು ವಿಮಲ.

ಈಗಿನದು ಹರಳೆಣ್ಣೆಯಂತೆ. ಹೆಸರು ಕೇಳುತ್ತಿದ್ದ ಹಾಗೆ ನಮ್ಮೆಲ್ಲರ ಮುಖವೂ ಒಟ್ಟಿಗೇ ಹರಳೆಣ್ಣೆ ಕುಡಿದವರ ಮುಖ ಆಯಿತು. ಆ ಮಾತು ಹುಟ್ಟಿದ್ದೇ ನಮ್ಮ ತಲೆಮಾರಿನ ಭಾನುವಾರಗಳಲ್ಲಿ ಇರಬೇಕು. ಮೂಗು ಹಿಡಿಯಲು ಒಬ್ಬರು, ಕಾಲು ಹಿಡಿಯಲು ಒಬ್ಬರು, ಸೌಟು ಹಿಡಿದ ಅಜ್ಜಿ. ಗೌಡನ ಕಣ್ಣು ಮಾತ್ರ ಎಲ್ಲೋ ಹೋಗಿಬಿಟ್ಟಿತು. "ನಮ್ಮವ್ವ ಹರಳು ಹುರಿದು, ಒರಳಲ್ಲಿ ಕುಟ್ಟಿ, ಹಿತ್ತಲಿನ ಮೂರು ಕಲ್ಲಿನ ಒಲೆ ಮೇಲೆ ನೀರಲ್ಲಿ ಬೇಯಿಸುತ್ತಿದ್ದಳು. ಎಣ್ಣೆ ಮೇಲೆ ತೇಲೋದು. ಅದನ್ನು ಮೆಲ್ಲಗೆ ತೆಗೆದು, ನೀರು ಪೂರ್ತಿ ಇಂಗೋವರೆಗೂ ಇನ್ನೊಂದು ಸಲ ಕಾಯಿಸೋದು. ಚಟಪಟ ನಿಂತರೆ ಆಯಿತು ಅಂತ ಲೆಕ್ಕ. ಒಂದೇ ಎಣ್ಣೆ. ಮಗುವಿನ ನೆತ್ತಿಗೂ ಅದೇ, ಗಾಡಿಯ ಕೀಲಿಗೂ ಅದೇ." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಇನ್ನೊಂದು ವಡೆ ಹೇಳಿದ.

ಬರೀ ಹರಳೆಣ್ಣೆ ಬಲು ಮಂದ. ಸೀನ ಒಂದು ಚಮಚಕ್ಕೆ ಮೂರು ಚಮಚ ಸೂರ್ಯಕಾಂತಿ ಎಣ್ಣೆ ಸೇರಿಸುತ್ತಾನೆ. ಒಣ ಚರ್ಮದವರು ಹರಳೆಣ್ಣೆಯನ್ನು ಇನ್ನೂ ಕಡಿಮೆ ಮಾಡಬೇಕಂತೆ. ರಾತ್ರಿ ಒಂದೇ ಸಲ. ಒಣ ಮುಖಕ್ಕೆ ಹಚ್ಚಿ ಒಂದೆರಡು ನಿಮಿಷ ಬೆರಳಲ್ಲಿ ತೀಡುವುದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನು ಮುಖದ ಮೇಲೆ ಹಾಕಿಕೊಂಡು ಅದರ ಬಿಸಿ ಆರುವವರೆಗೆ ಕೂರುವುದು, ಆಮೇಲೆ ಉಜ್ಜದೆ ಒರೆಸುವುದು. ಎರಡು ಮೂರು ಸಲ.

"ಅಷ್ಟೇ ಕಣ್ರೋ, ಹಚ್ಚೋದು ಯಾರಿಗೆ ಬರಲ್ಲ? ತೆಗೆಯೋದರಲ್ಲೇ ಇರೋದು ಎಲ್ಲ," ಎಂದಳು ವಿಮಲ. "ಇವನ ಮಗಳ ಬಾಟಲಿಯಲ್ಲಿ ಎಣ್ಣೆಯನ್ನು ನೀರಿಗೆ ಬೆರೆಸುವ ಇನ್ನೊಂದು ಪದಾರ್ಥ ಇರುತ್ತದೆ. ನೀರು ತಾಗಿದರೆ ಹಾಲಿನ ಥರ ಬೆಳ್ಳಗಾಗಿ ಹರಿದುಹೋಗುತ್ತದೆ. ಅಡುಗೆಮನೆ ಎಣ್ಣೆಗೆ ಆ ಗುಣ ಇಲ್ಲ. ಸರಿಯಾಗಿ ಒರೆಸದಿದ್ದರೆ ಅಲ್ಲೇ ಸಂಸಾರ ಹೂಡುತ್ತದೆ."

ನನಗೆ ಅಜ್ಜಿಯ ಎಣ್ಣೆನೀರು ನೆನಪಾಯಿತು. ಈಗ ಎಲ್ಲರೂ ನಮ್ಮ ಹಿರಿಯರು ಎಣ್ಣೆ ಹಚ್ಚುತ್ತಿದ್ದರು ಅನ್ನುತ್ತಾರೆ, ಆಮೇಲೆ ಏನು ಮಾಡುತ್ತಿದ್ದರು ಅಂತ ಯಾರೂ ಹೇಳುವುದಿಲ್ಲ. ಹಂಡೆ ತುಂಬ ಕುದಿಯುವ ನೀರು ಇರುತ್ತಿತ್ತು, ಮುಖಕ್ಕೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಕಣ್ಣಲ್ಲಿ ಬೆಂಕಿ. ಎಣ್ಣೆಗೂ ಸೀಗೆಕಾಯಿಗೂ ಆಗಿಬರಲ್ಲ ಅಂತ ನಾವು ಗಾದೆ ಮಾಡಿಕೊಂಡೆವು, ಅಜ್ಜಿ ಮಾತ್ರ ಇಬ್ಬರನ್ನೂ ಒಂದೇ ಬಚ್ಚಲಲ್ಲಿ ಕೂಡಿಹಾಕಿ ಕೆಲಸ ತೆಗೆಯುತ್ತಿದ್ದಳು.

"ಹಾಗಾದರೆ ನಿನ್ನ ಮುಖ ಹೀಗೆ ಹೊಳೆಯೋದು?" ಎಂದು ಸೀನನನ್ನು ಕೇಳಿದೆ.

ವಿಮಲ ಅವನ ಕೆನ್ನೆಗೆ ಟಿಶ್ಯೂ ಒತ್ತಿ ತೆಗೆದು ಬೆಳಕಿಗೆ ಹಿಡಿದಳು. ಆಚೆಗಿನ ಮಾಣಿ ಕಾಣುತ್ತಿದ್ದ. "ಇದು ಕಾಂತಿಯಲ್ಲ ಕಣೋ, ಉಳಿದ ಎಣ್ಣೆ."

ಇಷ್ಟೆಲ್ಲ ಕೇಳಿ ನಕ್ಕವನು ಮನೆಗೆ ಹೋಗಿ ಸುಮ್ನೆ ಇರಬೇಕಿತ್ತು. ರಾತ್ರಿ ಕನ್ನಡಿ ಮುಂದೆ ನಿಂತಾಗ, ಒಂದು ಸಲ ನೋಡಿಯೇ ಬಿಡೋಣ ಅನ್ನಿಸಿತು. ಮುಖಕ್ಕೆ ತಾನೇ, ಕನ್ನಡಕ ತೆಗೆದಿಟ್ಟೆ. ದೇವರ ಮನೆಯ ಪಕ್ಕದ ಗೂಡಿನಲ್ಲಿ ಹರಳೆಣ್ಣೆ ಇರುತ್ತದೆ ಅಂತ ಗೊತ್ತಿತ್ತು, ಕೈಗೆ ಸಿಕ್ಕ ಬಾಟಲಿ ತಂದೆ. ಧಾರಾಳವಾಗಿ ಹಚ್ಚಿಕೊಂಡೆ. ಪರವಾಗಿಲ್ಲ, ವಾಸನೆ ಗಮ್ಮೆಂದಿತ್ತು. ಸ್ವಲ್ಪ ಜಾಸ್ತಿಯೇ ಗಮ್ಮೆಂದಿತ್ತು. ಕರ್ಪೂರದ ಥರ. ಸುಟ್ಟುಕೊಳ್ಳಬಾರದೆಂದು ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ಕೈಗೆ ಸಿಕ್ಕ ಬಿಳಿ ಟವಲು ಅದ್ದಿ ಮುಖದ ಮೇಲೆ ಹಾಕಿಕೊಂಡು ಬಚ್ಚಲಿನ ಮಣೆ ಮೇಲೆ ಕೂತೆ.

ಬಾಗಿಲು ತೆರೆದುಕೊಂಡಿತು. "ದೀಪದ ಎಣ್ಣೆ ಬಾಟಲಿ ಇಲ್ಲಿ ಯಾಕೆ ಬಂತು?" ಎಂದಳು ಹೆಂಡತಿ. ಆಮೇಲೆ ಟವಲು ನೋಡಿದಳು. ಅದು ಹೊಸದಂತೆ. ಗೃಹಪ್ರವೇಶವೊಂದಕ್ಕೆ ಕೊಡಲು ತಂದಿಟ್ಟಿದ್ದಂತೆ.

ಕಡಲೆಹಿಟ್ಟಿನ ಡಬ್ಬ ತಂದು ನನ್ನ ಕೈಗೆ ಕುಕ್ಕಿದಳು. ಅಷ್ಟರಲ್ಲಿ ಹಾಲಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಹತ್ತೂವರೆ. ಗೌಡನೇ ಇರಬೇಕು. ಕಣ್ಣಿನ ತುಂಬ ಕಡಲೆಹಿಟ್ಟು, ನಾನು ಏಳುವ ಹಾಗಿರಲಿಲ್ಲ. ಅವಳೇ ಎತ್ತಿಕೊಂಡಳು.

"ಬಚ್ಚಲಲ್ಲಿ ಕೂತಿದ್ದಾರೆ ಗೌಡ್ರೇ," ಎನ್ನುವುದು ಕೇಳಿಸಿತು. "ಹ್ಞೂಂ. ಇವರೂ ಶುರು ಮಾಡಿಬಿಟ್ಟರು."